ಏನೂ ಕೇಳದ ಪೆನ್‌ಡ್ರೈವ್

ಮೊದಲೆಲ್ಲ ಒಂದು ಸರ್ವರ್‌ಗೆ ಸಾಫ್ಟ್‌ವೇರ್ ಹಾಕಲು ನನಗೆ ಅರ್ಧ ದಿನ ಹಿಡಿಯುತ್ತಿತ್ತು. ಯಂತ್ರ ಒಂದೊಂದೇ ಪ್ರಶ್ನೆ ಕೇಳುತ್ತಿತ್ತು: ಯಾವ ಭಾಷೆ, ಯಾವ ಡಿಸ್ಕ್, ಇದರಲ್ಲಿರುವುದನ್ನೆಲ್ಲ ಅಳಿಸಲೇ? ಉತ್ತರ ಒತ್ತುತ್ತ ನಾನು ಕೂತಿರಬೇಕು. ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ಬಸ್ಸಿನಲ್ಲಿ ತಿರುಗಿ ತಿರುಗಿ ಸೊಂಟ ಬಿದ್ದುಹೋಗಿತ್ತು. ಕೊನೆಗೆ ಬೈಲಹೊಂಗಲದ ನನ್ನ ಬಾಡಿಗೆ ಕೋಣೆಯಲ್ಲಿ ಕೂತು, ಎಲ್ಲ ಉತ್ತರಗಳನ್ನೂ ಮೊದಲೇ ಒಂದು ಫೈಲಿನಲ್ಲಿ ಬರೆದು ಪೆನ್‌ಡ್ರೈವ್‌ಗೆ ತುಂಬಿದೆ. ಅದನ್ನು ಚುಚ್ಚಿ ಯಂತ್ರ ಚಾಲೂ ಮಾಡಿದರೆ ಸಾಕು, ಹಳೆಯದನ್ನು ಅಳಿಸಿ ಹೊಸದನ್ನು ತಾನೇ ಹಾಕಿಕೊಳ್ಳುತ್ತದೆ. ಪಕ್ಕದಲ್ಲಿ ಯಾರೂ ಇರಬೇಕಾಗಿಲ್ಲ. ಭಾರೀ ಜಾಣನಾದೆ ಎಂದುಕೊಂಡೆ.

ಪೆನ್‌ಡ್ರೈವ್ ಲಕೋಟೆಯಲ್ಲಿ ಕಂಡಕ್ಟರ್ ಕೈಯಲ್ಲಿ ಹೋಗುತ್ತಿತ್ತು, ಹಾಗೆಯೇ ವಾಪಸು ಬರುತ್ತಿತ್ತು. ನಾನು ಕೋಣೆಯಲ್ಲೇ. ಹೆಂಡತಿ ತೀರಿಕೊಂಡ ಮೇಲೆ "ಉಂಡ್ರೇನ್ರಿ" ಎಂದು ಕೇಳುತ್ತಿದ್ದವರು ಆ ಊರೂರಿನ ಆಫೀಸಿನವರೇ ಎಂಬುದು ಅವರ ಭೇಟಿಯೂ ತಪ್ಪಿದ ಮೇಲೆ ತಿಳಿಯಿತು. ಖಾನಾವಳಿಯಿಂದ ರೊಟ್ಟಿ ಕಟ್ಟಿಸಿಕೊಂಡು ಬಂದು, ಮೊಬೈಲ್ ನೋಡುತ್ತ ತಿನ್ನುತ್ತಿದ್ದೆ. ಕೆಲವು ದಿನ ಸಂಜೆಯವರೆಗೂ ಬಾಯಿಂದ ಒಂದು ಮಾತು ಹೊರಡುತ್ತಿರಲಿಲ್ಲ.

ಕಟಕೋಳದ ಕಾಲೇಜೊಂದರ ಲೈಬ್ರರಿಗೂ ಹಾಗೇ ಕಳಿಸಿದೆ. ಅಲ್ಲಿನ ಲೈಬ್ರರಿ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು ಗುತ್ತಿಗೆಯ ಮೇಲಿದ್ದವರು. ತಪಾಸಣೆಯವರು ಬರುವಷ್ಟರಲ್ಲಿ ಎಲ್ಲ ಪುಸ್ತಕಗಳ ಪಟ್ಟಿ ಸರ್ವರ್‌ನಲ್ಲಿರಬೇಕು, ಇಲ್ಲದಿದ್ದರೆ ಮುಂದಿನ ವರ್ಷ ಕೆಲಸವಿಲ್ಲ ಎಂದು ಅವರಿಗೆ ಹೇಳಿದ್ದರಂತೆ. ಯಂತ್ರ ತಯಾರಾದ ದಿನ ಫೋನ್ ಮಾಡಿದರು.

"ಎಲ್ಲಾ ಆತ್ರಿ ಸರ. ಆದ್ರ ಇವತ್ತ ಅಮಾಸಿ. ಅಮಾಸಿ ದಿನ ವಸ್ತು ಹೊರಗ ಕೊಡಬಾರದ್ರಿ. ಪೆನ್‌ಡ್ರೈವ್ ನಾಳಿ ಕಳಸತೇನಿ. ಕಳಕೊಳ್ಳೂದ ಬ್ಯಾಡ, ಮಷೀನಿನಾಗ ಇರಲಿ."

"ಇರಲಿ ಬಿಡ್ರಿ ಅಕ್ಕಾರ" ಎಂದೆ. ಆ ಮಾತಾಡಿದ ನಾಲಗೆಯನ್ನು ಏನು ಮಾಡಲಿ? ಪೆನ್‌ಡ್ರೈವ್ ಒಳಗಿದ್ದರೆ, ಯಂತ್ರ ಮತ್ತೆ ಚಾಲೂ ಆದಾಗ ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರು ಮಾಡುತ್ತದೆ ಎಂದು ಗೊತ್ತಿದ್ದವನು ನಾನೊಬ್ಬನೇ. ಮರುದಿನ ಅವರು ಮರೆತರು, ನಾನೂ ಮರೆತೆ.

ಹಗಲು ರಾತ್ರಿ ಚಾಲೂ ಇದ್ದ ಯಂತ್ರ, ಮೂರು ವಾರದ ಮೇಲೆ ಬಹಳ ಹೊತ್ತು ಕರೆಂಟ್ ಹೋದಾಗ ಆರಿ, ಕರೆಂಟ್ ಬಂದಾಗ ಮತ್ತೆ ಚಾಲೂ ಆಯಿತು. ಅಷ್ಟು ದಿನ ಅವರು ಕೂತು ಟೈಪ್ ಮಾಡಿದ ಪಟ್ಟಿ ಪೂರ್ತಿ ಅಳಿಸಿಹೋಯಿತು. ಸುದ್ದಿ ಕೇಳಿ, ಸಿಕ್ಕ ಬಸ್ಸು ಹತ್ತಿದೆ. ಬೈಸಿಕೊಳ್ಳಲು ತಯಾರಾಗಿ ಹೋದವನಿಗೆ ಅವರು ಒಂದೇ ಮಾತು ಹೇಳಿದರು.

"ಅಳಸೂಕಿಂತ ಮೊದಲ ಒಂದ ಮಾತ ಕೇಳಬಾರದೇನ್ರಿ ಅದು?"

ಕೇಳುತ್ತಿತ್ತು. ಅದರ ಬಾಯಿ ಕಟ್ಟಿದವನು ನಾನು. ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡೆ.

ತಪಾಸಣೆಗೆ ಒಂಬತ್ತು ದಿನ ಉಳಿದಿದ್ದವು. ದಿನಾ ಹೋದೆ. ಹಳೆಯ ರಿಜಿಸ್ಟರ್ ನೋಡಿ ನಾನು ಪುಸ್ತಕದ ಹೆಸರು ಓದುವುದು, ಅವರು ಟೈಪ್ ಮಾಡುವುದು. ಮಧ್ಯಾಹ್ನ ಡಬ್ಬಿ ಬಿಚ್ಚಿ, ಬೇಡವೆಂದರೂ ಕೇಳದೆ, ಒಂದು ರೊಟ್ಟಿ, ಬದನೆಕಾಯಿ ಪಲ್ಯ ನನ್ನ ಮುಂದಿಡುತ್ತಿದ್ದರು. "ನಮ್ಮ ಓಣ್ಯಾಗಿನ ಒಂದನೇತ್ತೆ ಹುಡುಗೂರು ನಿಮಗಿಂತ ಜಲ್ದಿ ಓದತಾವ್ರಿ ಸರ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅಷ್ಟು ಸಂಕಟದ ಕೆಲಸದಲ್ಲಿ ನಾನು ಸುಖವಾಗಿದ್ದೆ ಎಂದು ಹೇಳಿಕೊಳ್ಳಲು ಈಗಲೂ ಸಂಕೋಚ. ಎಂಟನೆಯ ದಿನ ಪಟ್ಟಿ ಮುಗಿಯಿತು. ಅವರ ಕೆಲಸ ಉಳಿಯಿತು.

ಹೊರಡುವ ಮೊದಲು, ಪಟ್ಟಿಯ ನಕಲು ದಿನಾ ತಾನೇ ಬೇರೆ ಡಿಸ್ಕಿಗೆ ಹೋಗುವಂತೆ ಮಾಡಿದೆ.

"ಇನ್ನೇನ ತೊಂದ್ರಿ ಆಗಂಗಿಲ್ಲಲ್ರಿ?" ಎಂದರು.

"ಆಗಂಗಿಲ್ರಿ ಅಕ್ಕಾರ. ಆದ್ರ ಏನರ ಆದ್ರ ಫೋನ್ ಮಾಡ್ರಿ."

ಎರಡು ವರ್ಷವಾಯಿತು. ಕೆಲಸವನ್ನು ಎಷ್ಟು ಗಟ್ಟಿಯಾಗಿ ಮಾಡಿಬಂದಿದ್ದೇನೆಂದರೆ, ಕಟಕೋಳದಿಂದ ಒಂದು ಫೋನೂ ಬಂದಿಲ್ಲ.