ಮರಿಗಳ ಜೊತೆ ಕೊಡುವ ಕಾಗದ

ನಾಯಿಮರಿ ಕೇಳಿಕೊಂಡು ನಮ್ಮ ಮನೆಗೆ ಬಂದವರಲ್ಲಿ ಮುಕ್ಕಾಲು ಮಂದಿಯನ್ನು ನಾನು ಅಂಗಳದಿಂದಲೇ ಅಟ್ಟಿದೆ. ಚಹಾ ಕೂಡ ಕೊಡಲಿಲ್ಲ. ನಿಪ್ಪಾಣಿಯಿಂದ ಕಾರು ಮಾಡಿಕೊಂಡು ಬಂದ ಮಹಾಶಯನೊಬ್ಬ ಬಾಗಿಲು ತೆರೆದದ್ದೇ ತಡ ಒಳಗೆ ನುಗ್ಗಿ, ಇನ್ನೂ ಕಣ್ಣು ಬಿಡದ ಮರಿಯ ಕುತ್ತಿಗೆ ಹಿಡಿದೆತ್ತಿ, "ಸಿಸ್ಟರ್, ಇದನ್ನ ಈಗ ಒಯ್ತೀನ್ರಿ, ನಾಳೆ ಮಗಳ ಬರ್ತ್‌ಡೇ ಐತಿ" ಎಂದ. ಎಂಟು ವಾರ ತಾಯಿಯ ಹತ್ತಿರ ಇರಬೇಕು ಎಂದೆ. "ಅಷ್ಟರಾಗ ದೊಡ್ಡದಾಗತೈತಲ್ರಿ" ಎಂದ. ನಿಮ್ಮ ಮಗಳನ್ನೂ ಹುಟ್ಟಿದ ವಾರಕ್ಕೇ ಯಾರ ಬರ್ತ್‌ಡೇಗಾದರೂ ಕೊಡಬಹುದಿತ್ತಲ್ಲ ಎಂದು ಕೇಳಿದೆ. ಹೋದ. ಹಾರೂಗೇರಿಯವನೊಬ್ಬ ಬಾಲ ಕತ್ತರಿಸಿ ಕೊಡಿ ಎಂದ. ಚಿಂಚಲಿಯವನು ಒಂದು ಗಂಡು ಒಂದು ಹೆಣ್ಣು ಜೋಡಿಯಾಗಿ ಬೇಕೆಂದ. ಒಡಹುಟ್ಟಿದವು ಮಾರಾಯ ಎಂದರೆ, "ನಾಯಿಗೆ ಏನ್ ತಿಳೀತೈತ್ರಿ, ಮುಂದ ಮನ್ಯಾಗ ಮರಿ ಮಾಡಾಕ ಬರ್ತೈತಿ" ಎಂದ. ಅವನಿಗೆ ನಾನು ಅಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ನಾನು ಅಥಣಿ ತಾಲ್ಲೂಕಿನ ಒಂದು ಆರೋಗ್ಯ ಕೇಂದ್ರದಲ್ಲಿ ನರ್ಸ್. ಇಪ್ಪತ್ತು ವರ್ಷದ ಮೇಲಾಯಿತು, ಹೆರಿಗೆ ಮಾಡಿಸುತ್ತಿದ್ದೇನೆ. ನನಗೆ ಮಕ್ಕಳಿಲ್ಲ. ಇದನ್ನು ನಾನೇ ಮೊದಲು ಹೇಳಿಬಿಡುವುದು ವಾಸಿ, ಇಲ್ಲದಿದ್ದರೆ ನಮ್ಮೂರಿನಲ್ಲಿ ಬೇರೆ ಯಾರಾದರೂ ಹೇಳುತ್ತಾರೆ.

ಹಾಗೆ ಹೇಳಿದವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಮೂರು ವರ್ಷದ ಹಿಂದೆ ಪುಣೆಯಿಂದ ಕಪ್ಪು ಸ್ಟ್ಯಾಂಡರ್ಡ್ ಪೂಡಲ್ ಹೆಣ್ಣುಮರಿಯೊಂದನ್ನು ತಂದಿದ್ದೆ. ಅದರ ಸುರುಳಿಗೂದಲು ನೋಡಿ ಊರವರು "ಸಿಸ್ಟರ್ ಕುರಿ ತಂದಾರ" ಎಂದು ನಕ್ಕರು. ನಾನೂ ನಕ್ಕೆ. ಆದರೆ ಹತ್ತು ಹೆಂಗಸರು ಕುಳಿತಿದ್ದ ಕಟ್ಟೆಯ ಮೇಲೆ ಇವಳು, "ಪಾಪ, ಮಕ್ಕಳಿಲ್ಲಲ್ಲ, ನಾಯೀನ ಮಗಳ ಮಾಡ್ಕೊಂಡಾಳ" ಎಂದಳು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಪಾಪ ಎಂದದ್ದನ್ನು ನಾನು ಕ್ಷಮಿಸಲಿಲ್ಲ. ಅಂದಿನಿಂದ ಅವಳ ಜೊತೆ ಮಾತು ಬಿಟ್ಟೆ. ಮನೆ ಮೊದಲೇ ಪಾಲಾಗಿ ನಡುವೆ ಗೋಡೆ ಎದ್ದಿತ್ತು. ಹಿತ್ತಲು ಮತ್ತು ದ್ರಾಕ್ಷಿ ಒಣಗಿಸಿ ಮನೂಕ ಮಾಡುವ ಶೆಡ್ ಮಾತ್ರ ಇಬ್ಬರಿಗೂ ಸೇರಿದ್ದವು. ಅಣ್ಣತಮ್ಮಂದಿರು ದ್ರಾಕ್ಷಿ ತೋಟದಲ್ಲಿ ಒಟ್ಟಿಗೇ ದುಡಿಯುತ್ತಿದ್ದರು, ನಾವಿಬ್ಬರು ಎಣ್ಣೆ ಸೀಗೆಕಾಯಿ.

ಮರಿ ಮಾಡಿಸುವುದನ್ನು ನಾನು ಹುಡುಗಾಟಕ್ಕೆ ಮಾಡಲಿಲ್ಲ. ನಾಯಿಗೆ ಎರಡು ವರ್ಷ ತುಂಬುವವರೆಗೆ ಗಂಡು ನಾಯಿಯ ಸುದ್ದಿಯೇ ಎತ್ತಲಿಲ್ಲ. ಸೊಂಟದ ಕೀಲಿನ ಎಕ್ಸ್‌ರೇ ತೆಗೆಸಿದೆ, ಕಣ್ಣು ಪರೀಕ್ಷೆ ಮಾಡಿಸಿದೆ. ಕೊಲ್ಲಾಪುರದ ಗಂಡು ನಾಯಿಯದೂ ಅವೇ ಕಾಗದಗಳನ್ನು ಕೇಳಿದೆ. ಅದರ ಯಜಮಾನ ನನಗಿಂತ ಮುಂಗೋಪಿ, ನನ್ನ ನಾಯಿಯ ಕಾಗದಗಳನ್ನು ಎರಡು ಸಲ ಓದಿದ. ಆದ್ದರಿಂದ ನಮಗೆ ಸರಿಹೋಯಿತು. "ನನ್ನ ಲಗ್ನದಾಗ ನಿಮ್ಮಪ್ಪ ಇದರಾಗ ಅರ್ಧಾನೂ ಕೇಳಿರಲಿಲ್ಲ" ಎಂದ ನನ್ನ ಗಂಡ. ಕೇಳಬೇಕಾಗಿತ್ತು ಎಂದೆ.

ನಾಯಿ ಬಸುರಾದ ತಿಂಗಳೇ ನಾನೊಂದು ಕಾಗದ ಬರೆದೆ. ಮರಿ ಒಯ್ಯುವವರು ಏನು ಮಾಡಬೇಕು, ಏನು ಮಾಡಬಾರದು, ಸಾಕಲಾಗದಿದ್ದರೆ ಬೀದಿಗೆ ಬಿಡದೆ ನನಗೇ ತಂದೊಪ್ಪಿಸಬೇಕು, ಎಲ್ಲ ಇತ್ತು. ಒಂದು ಕಡೆ ಕನ್ನಡ, ಹಿಂಬದಿಗೆ ಮರಾಠಿ. ಗಡಿಯಾಚೆಯ ಮಂದಿ ನನಗೆ ಓದಾಕ ಬರಲಿಲ್ಲ ಎಂದು ನೆಪ ಹೇಳಬಾರದಲ್ಲ. ಎರಡೂ ಕಡೆ ಮೊದಲ ಸಾಲನ್ನು ಕೆಂಪಕ್ಷರದಲ್ಲಿ ಹಾಕಿಸಿದೆ: ದ್ರಾಕ್ಷಿ, ಮನೂಕ ಒಂದೂ ಕೊಡಬಾರದು, ನಾಯಿಯ ಕಿಡ್ನಿ ಹೋಗುತ್ತದೆ. ನಮ್ಮ ಕಡೆ ಮನೆಗೆ ಬಂದವರ ಕೈಗೆ ನೀರಿಗಿಂತ ಮೊದಲು ಒಂದು ಹಿಡಿ ಮನೂಕ ಹಾಕುತ್ತಾರೆ. ಅದಕ್ಕೇ ಅದು ಮೊದಲ ಸಾಲಾಯಿತು. ಬಂದವರನ್ನು ನಿಲ್ಲಿಸಿ ಅದನ್ನು ನನ್ನೆದುರೇ ಓದಿಸುತ್ತಿದ್ದೆ. ಅಟ್ಟಿದವರ ಕೈಗೂ ಒಂದು ತುರುಕಿ ಕಳಿಸುತ್ತಿದ್ದೆ, ಬೇರೆ ಎಲ್ಲಿಂದಲಾದರೂ ನಾಯಿ ತಂದು ಕೊಂದಾರೆಂದು. ನಮ್ಮ ನಾಯಿ ಶೆಡ್ಡಿನತ್ತ ಸುಳಿಯದಂತೆ ಅದರ ಸುತ್ತ ಜಾಲರಿ ಕಟ್ಟಿಸಿದೆ.

ಏಳು ಮರಿ ಹುಟ್ಟಿದವು. ಹತ್ತು ದಿನ ರಜೆ ಹಾಕಿದೆ. ಆರೋಗ್ಯ ಕೇಂದ್ರದ ಡಾಕ್ಟರು ನಕ್ಕರು, ನಗಲಿ. ಒಂದೊಂದು ಮರಿಗೂ ಒಂದೊಂದು ಬಣ್ಣದ ದಾರ ಕಟ್ಟಿ, ದಿನಾ ಬೆಳಗ್ಗೆ ತಕ್ಕಡಿಯಲ್ಲಿಟ್ಟು ತೂಗಿ ಬರೆದಿಟ್ಟೆ. ತೂಕ ಏರದ ಮರಿಯನ್ನು ಹಾಲು ಹೆಚ್ಚಿರುವ ಹಿಂದಿನ ಮೊಲೆಗೆ ಹಚ್ಚಿದೆ.

ಹನ್ನೆರಡನೆಯ ದಿನ ಡ್ಯೂಟಿ ಮುಗಿಸಿ ಮಧ್ಯಾಹ್ನ ಮನೆಗೆ ಬಂದರೆ ನಾಯಿ ಹಿತ್ತಲಲ್ಲಿ ವಾಂತಿ ಮಾಡುತ್ತ ನಿಂತಿತ್ತು. ಬಗ್ಗಿ ನೋಡಿದೆ. ಬೆಲ್ಲ, ಒಣಕೊಬ್ಬರಿ, ಮತ್ತೆ ಉಬ್ಬಿ ದಪ್ಪಗಾದ ಮನೂಕ. ಪಕ್ಕದಲ್ಲೊಂದು ಸ್ಟೀಲ್ ತಾಟು ಬಿದ್ದಿತ್ತು, ಅದರ ಅಂಚಿನಲ್ಲಿ ನೆಗೆಣ್ಣಿಯ ತವರಿನ ಹೆಸರು ಕೆತ್ತಿತ್ತು. ತಾಟಿಗೆ ಅಂಟಿದ ಚೂರು ನೋಡಿದ ಕೂಡಲೇ ತಿಳಿಯಿತು, ಅಂಟಿನ ಉಂಡಿ. ಬಾಣಂತಿಯರಿಗೆ ಸೊಂಟ ಗಟ್ಟಿಯಾಗಲೆಂದು ಪ್ರತಿ ಮನೆಯಲ್ಲೂ ಕಟ್ಟಿಕೊಡುವ ಉಂಡಿ.

ಮೂರು ವರ್ಷದ ಮೇಲೆ ನಾನು ಅವಳಿಗೆ ಆಡಿದ ಮೊದಲ ಮಾತು, "ವಿಷಾ ಹಾಕಿದೇನ ಬೇ ಅದಕ್ಕ?"

ಒದ್ದೆ ಬಟ್ಟೆ ಹಿಂಡುತ್ತಿದ್ದವಳು ಹಾಗೇ ನಿಂತಳು. "ಎಂಥಾ ವಿಷಾ ಅಕ್ಕಾ? ಬಾಣಂತಿ ಐತಿ ಅಂತ ಉಂಡಿ ಮಾಡಿ ಎರಡು ಕೊಟ್ಟೆ. ಶಕ್ತಿ ಬರಲಿ ಅಂತ ಮನೂಕಾ ಜಾಸ್ತೀನ ಹಾಕೀನಿ."

ನಾಟಕ ಮಾಡುತ್ತಿದ್ದಾಳೆ ಎಂದೇ ನಾನು ತಿಳಿದೆ. ನನ್ನ ಹೊಟ್ಟೆ ಉರಿಸಲು ಬೇಕೆಂದೇ ಮಾಡಿದೆ ಎಂದೆ. ನಿನಗೆ ಮೂರು ಹಡೆದ ಸೊಕ್ಕು ಎಂದೆ. ಇನ್ನೂ ಏನೇನೋ ಅಂದೆ, ಓಣಿಯ ಮಂದಿ ಬಂದು ನಿಂತು ಕೇಳುವಷ್ಟು ದೊಡ್ಡ ದನಿಯಲ್ಲಿ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ಅಂದು ನಾನು ಕೊಯ್ದದ್ದು ಒಂದೇ ಮೂಗಲ್ಲ.

ನಾಯಿಯನ್ನು ಜೀಪಿಗೆ ಹಾಕಿಕೊಂಡು ಕಾಗವಾಡ ದಾಟಿ ಮಿರಜದ ಪಶುವೈದ್ಯರ ಹತ್ತಿರ ಓಡಿದೆವು. ಮೂರು ದಿನ ಸಲಾಯಿನ್ ಹಾಕಬೇಕು, ಮೂತ್ರ ನಿಂತರೆ ಉಳಿಯುವುದಿಲ್ಲ ಎಂದರು. ನಾನು ಅಲ್ಲೇ ಉಳಿದೆ, ಗಂಡ ಊರಿಗೆ ಮರಳಿದ. ಸಂಜೆ ಫೋನು ಮಾಡಿ ಮರಿಗಳ ಗತಿ ಏನು ಎಂದು ಕೇಳಿದೆ. "ಅಕೀನ ನೋಡ್ಕೊಳಾಕತ್ತಾಳ" ಎಂದ. ಅವಳನ್ನು ಮೊದಲು ಹೊರಗೆ ಹಾಕು ಎಂದು ಕಿರುಚಿದೆ. "ಹಾಕ್ತೀನಿ. ಏಳು ಮರಿಗೆ ಎರಡು ತಾಸಿಗೊಮ್ಮೆ ಹಾಲು ಹಾಕವ್ರು ಯಾರು, ನಾನಾ?" ಎಂದ. ಡಾಕ್ಟರನ್ನು ಕೇಳಿ, ಮರಿಗಳಿಗೆಂದೇ ಸಿಗುವ ಹಾಲಿನ ಪುಡಿ ಕೊಂಡು, ಊರ ಕಡೆ ಹೊರಟ ಬಸ್ಸಿಗೆ ಕೊಟ್ಟು ಕಳಿಸಿದೆ.

ಮರುದಿನದಿಂದ ಅವನು ಬೆಳಗ್ಗೆ ಫೋನು ಮಾಡಿ ತೂಕ ಓದಿ ಹೇಳತೊಡಗಿದ. ಕೆಂಪು ದಾರದ್ದು ಇಷ್ಟು, ಹಸಿರು ದಾರದ್ದು ಇಷ್ಟು. ನಾನು ಮಾಡುತ್ತಿದ್ದುದನ್ನು ನೆಗೆಣ್ಣಿ ತನ್ನ ಮನೆಯ ಕಿಟಕಿಯಿಂದ ನೋಡಿ ಕಲಿತಿದ್ದಳು. ಒಂದು ಮರಿಯ ತೂಕವಾದರೂ ಇಳಿಯಲಿ, ಬೈಯಲು ಕಾರಣ ಸಿಗಲಿ ಎಂದು ಕಾದೆ. ಹೌದು, ನಾನೇ ಹಾಗೆ ಕಾದೆ, ನಾಚಿಕೆಯಿಲ್ಲದೆ. ಒಂದೂ ಇಳಿಯಲಿಲ್ಲ.

ನಾಲ್ಕನೆಯ ದಿನ ಡಾಕ್ಟರು ನಾಯಿ ಉಳಿಯಿತು ಎಂದರು. ಕಿಡ್ನಿಗೆ ಪೆಟ್ಟು ಬಿದ್ದಿದೆ, ಮರಿಗಳಿಗೆ ಮೊಲೆ ಕೊಡುವುದು ಇಲ್ಲಿಗೆ ಸಾಕು, ಇನ್ನು ಮುಂದೆ ಮರಿ ಮಾಡಿಸುವ ಯೋಚನೆ ಬೇಡ ಎಂದರು. ನಾಯಿ ನನ್ನ ಕೈ ನೆಕ್ಕಿತು. ದಾರಿಯುದ್ದಕ್ಕೂ ನಾನು ನೆಗೆಣ್ಣಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಳ್ಳುತ್ತ ಬಂದೆ.

ಹಿಂದಿನ ಕೋಣೆಯಲ್ಲಿ ಅವಳು ಮರಿಗಳ ನಡುವೆ ಕುಳಿತಿದ್ದಳು. ತಲೆ ಬಾಚಿರಲಿಲ್ಲ, ಸೀರೆಯ ಮೇಲೆಲ್ಲ ಹಾಲಿನ ಕಲೆ. ನಾನು ಚೀಲದಿಂದ ಆ ಕಾಗದ ತೆಗೆದು ಅವಳ ಮುಂದೆ ಎಸೆದೆ. "ಓದು" ಎಂದೆ.

ಅವಳು ಅದನ್ನು ಎತ್ತಿಕೊಂಡು ಹಿಂಬದಿಗೆ ತಿರುಗಿಸಿದಳು. ಅವಳು ಗಡಿಯಾಚೆಯ ಹೆಣ್ಣು, ಕಲಿತದ್ದು ಮರಾಠಿ ಸಾಲೆಯಲ್ಲಿ. ಬೆರಳಿಟ್ಟು ಕೆಂಪಕ್ಷರದ ಸಾಲು ಓದಿದಳು. ಮತ್ತೊಮ್ಮೆ ಓದಿದಳು. ಅವಳ ಕಣ್ಣು ತುಂಬಿತು.

"ಅಕ್ಕಾ, ಇದನ್ನ ಯಾವಾಗ ಬರದಿ?"

"ಮರಿ ಹುಟ್ಟೂಕಿಂತ ಮೊದಲ."

"ನಿಪ್ಪಾಣಿ ಮಂದಿಗಿ ಕೊಟ್ಟಿ. ಚಿಂಚಲಿ ಮಂದಿಗಿ ಕೊಟ್ಟಿ. ನಾ ಕಿಟಕ್ಯಾಗ ನಿಂತು ನೋಡೇನಿ" ಎಂದಳು. "ಗೋಡಿ ಈಚೆ ಕಡಿ ಒಂದು ಒಗದಿದ್ರ ಆಗ್ತಿತ್ತಲ್ಲ."

ಜೋಡಿಸಿಟ್ಟ ಮಾತುಗಳನ್ನು ಬಿಟ್ಟು ನಾನು ಅವಳೆದುರು ನೆಲದ ಮೇಲೆ ಕುಳಿತೆ. ಅವಳು ಕಾಗದ ಮಡಚಿ ಸೆರಗಿಗೆ ಸಿಕ್ಕಿಸಿಕೊಂಡು, ಹಸಿರು ದಾರದ ಮರಿಯನ್ನೆತ್ತಿ ಅದರ ಬಾಯಿಗೆ ಹಾಲು ಹಾಕತೊಡಗಿದಳು. ಅವಳು ಪಾಪ ಎಂದದ್ದರ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಆದರೆ ನಾಯಿಗೆ ಉಂಡಿ ತಿನ್ನಿಸಿದವರು ಯಾರು ಎಂದು ಓಣಿಯವರು ಕೇಳಿದರೆ, ನಾನೇ ಎನ್ನುತ್ತೇನೆ.