ಬೇವೂರಿನ ಹಾವು ದಾಟಿದ ಸುದ್ದಿ

ನವನಗರದಲ್ಲಿ ನಮ್ಮ ಪಕ್ಕದ ಮನೆಯ ಸೋಮಲಿಂಗನದು ಸುಟ್ಟ ಮೋಟಾರು ರಿಪೇರಿ ಮಾಡುವ ಅಂಗಡಿ. ಆದರೆ ಜನ ಅವನನ್ನು ಕರೆಯುವುದು ಹಾವು ಹಿಡಿಯಲಿಕ್ಕೆ. ಹನ್ನೆರಡು ವರ್ಷದಲ್ಲಿ ಒಂದು ಹಾವಿನ ಮೇಲೂ ಬಡಿಗೆ ಎತ್ತಿದವನಲ್ಲ. ಹೋದ ವರ್ಷವಂತೂ ಕೇಳುವುದೇ ಬೇಡ. ಎರಡು ಸಲ ಬಸಿರು ಇಳಿದ ಮೇಲೆ ಹೆಂಡತಿ ಬಸವೇಶ್ವರಿಗೆ ಏಳು ತಿಂಗಳು ತುಂಬಿತ್ತು. ಹೆಂಡತಿ ಬಸುರಿ ಇದ್ದಾಗ ಗಂಡ ಹಾವು ಕೊಂದರೆ ಕೂಸು ಉಳಿಯುವುದಿಲ್ಲ ಎಂಬುದು ನಮ್ಮ ಕಡೆಯ ಮಾತು. ನಾಲ್ಕಕ್ಷರ ಓದಿದ ನಾನು ನಗುತ್ತಿದ್ದೆ. ಅವನು ನಗುತ್ತಿರಲಿಲ್ಲ.

ಶ್ರಾವಣಕ್ಕೆ ಸ್ವಲ್ಪ ಮೊದಲು ಬೇವೂರಿನ ಕಾಶಪ್ಪನ ಬಣವೆಯಲ್ಲಿ ಕೊಳಕುಮಂಡಲ ಹಾವು ಕಂಡಿತು. ನನ್ನ ಗಾಡಿಯ ಮೇಲೆ ಇಬ್ಬರೂ ಹೋದೆವು. ಅದು ಬುಸುಗುಟ್ಟಿತೇ ಹೊರತು ಓಡಲಿಲ್ಲ; ಹೊಟ್ಟೆ ಎಳೆದುಕೊಂಡು ನಿಧಾನವಾಗಿ ಸರಿಯಿತು.

"ಹೆಗ್ಗಣ ನುಂಗೇತಿ, ಅದಕ್ಕ ಜಡ ಆಗೇತಿ," ಎಂದ ಸೋಮಲಿಂಗ.

ತಪ್ಪಿದ್ದು ಅಲ್ಲೇ. ಈ ಹಾವು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಬಸುರಿ ಹಾವಿಗೆ ಹರಿದಾಡುವುದೇ ಕಷ್ಟ, ಈಜುವುದು ಇನ್ನೂ ಕಷ್ಟ. ಅವನಿಗೆ ಗೊತ್ತಿರದ ಸಂಗತಿಯೇನಲ್ಲ, ಅವಸರದಲ್ಲಿ ನೋಡಲಿಲ್ಲ.

ಹಿಡಿದ ಹಾವನ್ನು ನೀರು ದಾಟಿಸಿದರೆ ಮತ್ತೆ ಮನೆಗೆ ಬರುವುದಿಲ್ಲ ಎಂದು ಜನರ ಹಟ. ಕಣ್ಣಾರೆ ನೋಡಲೆಂದೇ ಕಾಶಪ್ಪ ನಮ್ಮ ಹಿಂದೆ ಬಂದ. ಆಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಚೀಲ ಬಿಚ್ಚಿದೆವು. ಬೇರೆ ಹಾವುಗಳಾದರೆ ತಲೆಯೆತ್ತಿ ಸರಸರ ಹೋಗುತ್ತಿದ್ದವು. ಇದರ ಹಿಂಭಾಗ ನೀರಿನಲ್ಲಿ ಕುಸಿಯಿತು. ನಾಲ್ಕು ಮಾರು ಹೋಗಿ ಹೊರಳಿ ದಂಡೆಗೇ ಬಂತು.

ಕಾಶಪ್ಪ ಉದ್ದನೆಯ ಕೋಲಿನಿಂದ ಅದನ್ನು ಒಳಕ್ಕೆ ನೂಕಿದ. "ಹೋಗ್ತೈತಿ ಬಿಡಲೇ, ಹಾವಿಗೆ ಈಸೂದು ಕಲಿಸಬೇಕೇನು?"

ಮೂರು ಸಲ ಬಂತು, ಮೂರು ಸಲವೂ ನೂಕಿದ. ಸೋಮಲಿಂಗ ಸುಮ್ಮನೆ ನಿಂತಿದ್ದ. ನಾನೂ ನಿಂತಿದ್ದೆ, ಬಾಯಿ ಹೊಲಿದುಕೊಂಡು. ನಾಲ್ಕನೆಯ ಸಲ ಅದು ಬರಲಿಲ್ಲ.

ಸೊಂಟದ ಮಟ ನೀರಿಗಿಳಿದು ಸೋಮಲಿಂಗ ಎತ್ತಿ ತಂದಾಗ ಜೀವ ಇರಲಿಲ್ಲ. ಹೊಟ್ಟೆ ಮುಟ್ಟಿ ನೋಡಿದ. ಗಂಟುಗಂಟಾಗಿ ಮರಿಗಳು, ಒಂದೆರಡು ಇನ್ನೂ ಮಿಸುಕುತ್ತಿದ್ದವು. ಸ್ವಲ್ಪ ಹೊತ್ತಿಗೆ ಅವೂ ನಿಂತವು.

"ಬಸುರಿ ಐತಿಲೇ," ಎಂದು ಅಲ್ಲೇ ಕೆಸರಿನಲ್ಲಿ ಕುಳಿತುಬಿಟ್ಟ.

ಮನೆಯ ಬಾಗಿಲಲ್ಲೇ ಬಸವೇಶ್ವರಿ ಕೇಳಿದಳು: "ದಾಟ್ತೇನ್ರಿ?"

ಅವನು ಕಾಲಿನ ಕೆಸರು ತೊಳೆಯಲು ಆಚೆ ತಿರುಗಿದ. "ದಾಟ್ತವ್ವಾ, ಛಲೋ ದಾಟ್ತು," ಎಂದವನು ನಾನು.

ಹದಿನೆಂಟು ದಿನಕ್ಕೆ ಕೂಸು ಹೊಟ್ಟೆಯಲ್ಲೇ ಹೋಯಿತು. ಬಿಪಿ ಏರಿತ್ತು, ಇನ್ನು ಮಕ್ಕಳ ಆಸೆ ಬಿಡಿ ಎಂದರು ಡಾಕ್ಟರು. ಅವರ ಚೀಟಿಯನ್ನು ಸೋಮಲಿಂಗನಿಗೆ ಹತ್ತು ಸಲ ಓದಿ ಹೇಳಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಕೊಂದವನು ತಾನೇ ಎಂದು ಅವನ ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಈಗಲೂ ಹಾವು ಬಂದರೆ ಅವನಿಗೇ ಫೋನು. ಅವನು ಗೋಡೆಗೆ ಮುಖ ಮಾಡಿ ಕೂಡುತ್ತಾನೆ. ಬಸವೇಶ್ವರಿಯೇ ಚೀಲ ತಂದು ಕೈಗಿಡುತ್ತಾಳೆ.

"ಹೋಗಿ ಬರ್ರಿ. ನಮ್ಮ ದೈವ ಖೊಟ್ಟಿ, ಹಾವಿಂದೇನ ತಪ್ಪು? ನೀವಂತೂ ಒಂದೂ ಕೊಂದವರಲ್ಲ."

ಅವನು ನನ್ನ ಕಡೆ ನೋಡುತ್ತಾನೆ. ನಾನು ತಲೆ ತಗ್ಗಿಸಿ ಗಾಡಿ ಹೊರಗೆ ತೆಗೆಯುತ್ತೇನೆ.