ಶನಿವಾರ ನನ್ನದು, ಬುಧವಾರ ನಿಮ್ಮದು

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಆ ಹೆಂಗಸಿಗೆ ಬೀದಿಯಲ್ಲೆಲ್ಲ ಕನ್ನಡಕದಕ್ಕ ಎಂದೇ ಹೆಸರು. ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸಿ, ಕಿವಿಯ ಹಿಂದೆ ಬೆರಳಾಡಿಸಿ, ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು ಬಗ್ಗಿಸಿ, “ಈಗ ಕೆಳಗೆ ನೋಡಿ, ಜಾರುತ್ತಾ?” ಎಂದು ಕೇಳುವುದು ಅವಳ ಕೆಲಸ. ಮದುವೆಗೆ ಮುಂಚೆ ಸೇರಿದ್ದು, ಈಗ ತಲೆ ಅರ್ಧ ಬೆಳ್ಳಗಾಗಿದೆ. ಮಾಲೀಕರು ಬದಲಾದರು, ಬೋರ್ಡು ಬದಲಾಯಿತು, ಇವಳು ಮಾತ್ರ ಅದೇ ಸ್ಟೂಲಿನ ಮೇಲೆ. ಬೇಸರ ಆಗಲ್ವಾ ಎಂದು ಯಾರಾದರೂ ಕೇಳಿದರೆ, “ಅದಕ್ಕೆಲ್ಲ ಪುರುಸೊತ್ತೆಲ್ಲಿದೆ” ಎನ್ನುತ್ತಾಳೆ. ಆದರೆ ತಿಂಗಳಿಗೊಂದು ಶನಿವಾರ ಸಂಜೆ ಅವಳನ್ನು ನೋಡಬೇಕು. ಆಗ ಅವಳು ಬೇರೆಯೇ ಹೆಂಗಸು.

ಅವತ್ತು ಅವಳ ಮನೆಯಲ್ಲಿ ಮಾಜಾಂಗ್ ಕೂಟ. ಹೆಸರು ಕೇಳಿ ಗಾಬರಿಯಾಗಬೇಕಾಗಿಲ್ಲ. ರಮ್ಮಿ ಆಡಿದವರಿಗೆ ಅರ್ಧ ಆಟ ಬಂದ ಹಾಗೆಯೇ. ಇಸ್ಪೀಟಿನ ಎಲೆಗಳ ಬದಲು ಕೈಗೆ ತಣ್ಣಗೆ ಹತ್ತುವ ದಪ್ಪ ಬಿಲ್ಲೆಗಳು. ಬಿದಿರಿನ ಬಿಲ್ಲೆ, ಚಕ್ರದ ಬಿಲ್ಲೆ, ನಾಲ್ಕು ದಿಕ್ಕಿನ ಗಾಳಿಗಳು, ಕೆಂಪು, ಹಸಿರು, ಬಿಳಿ ಡ್ರ್ಯಾಗನ್‌ಗಳು, ಹೀಗೆ. ಎಲ್ಲವನ್ನೂ ಬೋರಲು ಹಾಕಿ ಗಲಗಲ ಕಲಸಿ, ಮೇಜಿನ ನಾಲ್ಕೂ ಕಡೆ ಗೋಡೆ ಕಟ್ಟಿ, ಒಂದು ಎತ್ತುವುದು, ಒಂದು ಎಸೆಯುವುದು. ಜೊತೆ ಕೂಡಿಸಿಕೊಂಡವರು ಗೆದ್ದರು. ಆಡಲು ನಾಲ್ಕು ಜನ ಬೇಕು. ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಒಬ್ಬ ಮುದುಕಿ ಊಟದ ಬಿಡುವಿನಲ್ಲಿ ಇವಳಿಗೆ ಈ ಆಟ ಕಲಿಸಿದಳು. ಮಗಳ ಮನೆಗೆ ಹೊರಟಾಗ ಬಿಲ್ಲೆಗಳ ಪೆಟ್ಟಿಗೆಯನ್ನೂ ಇವಳ ಕೈಗಿಟ್ಟು ಹೋದಳು. ಇವಳು ಅದನ್ನು ಮೂವರು ಗೆಳತಿಯರಿಗೆ ಕಲಿಸಿದಳು: ಔಷಧಿ ಅಂಗಡಿಯವಳು, ಬೀದಿ ಕೊನೆಯ ಟೈಲರ್, ಮತ್ತು ಎಲ್ಲರಿಗಿಂತ ಚಿಕ್ಕವಳಾದ ಡ್ರಿಲ್ ಟೀಚರ್.

ಬರೀ ಆಟವಾಗಿದ್ದರೆ ಸರಿ. ಕನ್ನಡಕದಕ್ಕನಿಗೆ ಅಷ್ಟು ಸಾಲದು. ಪ್ರತಿ ಕೂಟಕ್ಕೂ ಒಂದು ವಿಷಯ ಇರಬೇಕು, ಬಂದವರೆಲ್ಲ ಅದಕ್ಕೆ ತಕ್ಕ ಹಾಗೆ ಬರಬೇಕು. ಒಂದು ತಿಂಗಳು ಬಿಳಿ ಡ್ರ್ಯಾಗನ್ ಸಂಜೆ: ಬಟ್ಟೆ ಬಿಳಿ, ಮೇಜಿನ ಹಾಸು ಬಿಳಿ, ತಿನ್ನಲು ಮೊಟ್ಟೆ, ಬ್ರೆಡ್ಡು, ಹಾಲಿನ ಪುಡಿಯ ಬಿಸ್ಕತ್ತು. ಇನ್ನೊಂದು ತಿಂಗಳು ಗಾಳಿಯ ಸಂಜೆ: ಕಿಟಕಿಗಳೆಲ್ಲ ತೆರೆದು, ಫ್ಯಾನು ಜೋರಾಗಿ ಹಾಕಿ, ಎಲ್ಲರೂ ಶಾಲು ಸುತ್ತಿಕೊಂಡು ಆಡಿದರು, ಟೈಲರಿಗೆ ವಾರಪೂರ್ತಿ ನೆಗಡಿ. ಗೆಳತಿಯರು ಗೊಣಗಿಕೊಂಡೇ ಬರುತ್ತಿದ್ದರು. “ಈ ವಯಸ್ಸಿಗೆ ವೇಷ ಹಾಕಿಸ್ತಾಳಲ್ಲೇ ಇವಳು” ಎಂದು ಔಷಧಿಯವಳು ಮೆಟ್ಟಿಲು ಹತ್ತುವಾಗಲೇ ಶುರು ಮಾಡುತ್ತಿದ್ದಳು. ಕನ್ನಡಕದಕ್ಕ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಅವಳಿಗೆ ಅದು ಯಾಕಷ್ಟು ಮುಖ್ಯ ಎಂದು ತಿಳಿಯಬೇಕಾದರೆ ಅವಳ ಅತ್ತೆಯನ್ನು ತಿಳಿಯಬೇಕು. ಮನೆ ಅತ್ತೆಯದು. ಅಡುಗೆಮನೆಯಲ್ಲಿ ಯಾವ ಡಬ್ಬಿ ಎಲ್ಲಿರಬೇಕೆಂದು ಅತ್ತೆ ಯಾವತ್ತೋ ತೀರ್ಮಾನ ಮಾಡಿಟ್ಟಿದ್ದರು. ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ ಸಕ್ಕರೆ ಡಬ್ಬಿಯನ್ನು ಕೆಳಗಿನ ಗೂಡಿಗೆ ಇಳಿಸಿದ್ದಳು, ಸಂಜೆಯೊಳಗೆ ಅದು ಮೇಲಕ್ಕೇರಿತ್ತು. ಬೈಗುಳವಿಲ್ಲ, ಜಗಳವಿಲ್ಲ. ಅತ್ತೆ ಮಾತಿಗಿಂತ ಕೈಯಲ್ಲೇ ಹೇಳುವವರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡನಿಗೆ ಈ ಉಸಾಬರಿ ಬೇಡವೇ ಬೇಡ. “ಅಮ್ಮ ಹಾಗೇ, ಬಿಡು” ಎಂಬ ಒಂದು ಮಾತಿನಲ್ಲಿ ಅವನು ಇಷ್ಟು ವರ್ಷ ಸಂಸಾರ ತೂಗಿಸಿದ್ದ. ಆ ಮನೆಯಲ್ಲಿ ಸೊಸೆ ತನ್ನದು ಎಂದು ಹೇಳಿಕೊಳ್ಳಬಹುದಾಗಿದ್ದ ಒಂದೇ ಒಂದು ವಸ್ತು ಮುಂದಿನ ಕೋಣೆಯ ಆ ಮೇಜು, ಅದೂ ತಿಂಗಳಿಗೊಂದು ಸಂಜೆ. ಆ ಹೊತ್ತಿಗೆ ಅತ್ತೆ ಹಿಂದಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಯಾರೂ ಹೇಳಿದ್ದಲ್ಲ. ಹೇಳದೆಯೇ ಅದೊಂದು ಪದ್ಧತಿಯಾಗಿತ್ತು.

ಆ ಮೇಜಿನ ಗುಟ್ಟೊಂದು ಅವಳಿಗೆ ಗೊತ್ತಾದದ್ದು ಚಕ್ರದ ಸಂಜೆ. ಅವತ್ತು ಎಲ್ಲವೂ ದುಂಡಗಿರಬೇಕು. ಸೌತೆಕಾಯಿ ದುಂಡಗೆ ಹೆಚ್ಚಿಟ್ಟಿತ್ತು, ಡ್ರಿಲ್ ಟೀಚರ್ ಶಾಲೆಯಿಂದ ಒಂದು ಪ್ಲಾಸ್ಟಿಕ್ ರಿಂಗನ್ನೇ ಹೆಗಲಿಗೆ ಹಾಕಿಕೊಂಡು ಬಂದಿದ್ದಳು. ಆಟ ನಡೆಯುತ್ತಿತ್ತು. ಟೈಲರ್ ಒಂದು ಬಿಲ್ಲೆಯನ್ನು ಎಸೆಯುವ ಮುಂಚೆ ಮೇಜಿನ ಮೇಲೆ ಎರಡು ಸಲ ಟಕ್ ಟಕ್ ಎಂದು ತಟ್ಟಿ, “ಹೋಗಮ್ಮ, ಎಲ್ಲಾದ್ರೂ ಚೆನ್ನಾಗಿರು” ಎಂದಳು. ಯಾರೂ ನಗಲಿಲ್ಲ, ಹಳೆಯ ರೂಢಿಯೆಂಬಂತೆ ಆಟ ಮುಂದೆ ಸಾಗಿತು. ಸ್ವಲ್ಪ ಹೊತ್ತಿಗೆ ಔಷಧಿಯವಳೂ ಟಕ್ ಟಕ್ ತಟ್ಟಿಯೇ ಎಸೆದಳು. ಅವಳ ಹಿಂದೆ ಡ್ರಿಲ್ ಟೀಚರ್.

ಕನ್ನಡಕದಕ್ಕನ ಕಿವಿ ನೆಟ್ಟಗಾಯಿತು. ಈ ಮೂವರಿಗೂ ಆಟ ಕಲಿಸಿದವಳು ತಾನು. ತಾನು ತಟ್ಟುವವಳಲ್ಲ. ತಟ್ಟುವವರು ಈ ಊರಿಗೆಲ್ಲ ಒಬ್ಬರೇ. ಡಬ್ಬಿಯ ಮುಚ್ಚಳ ತೆಗೆಯುವ ಮುಂಚೆ ಎರಡು ಸಲ ತಟ್ಟುವ ಆ ಸದ್ದನ್ನು ಅವಳು ಪ್ರತಿದಿನ ಬೆಳಿಗ್ಗೆ ಹಲ್ಲು ಕಚ್ಚಿಕೊಂಡು ಕೇಳಿದ್ದಾಳೆ. ಮನೆಯೊಳಗೆ ಬಂದ ಜೇಡವನ್ನು ಕಾಗದದ ಮೇಲೆ ಎತ್ತಿ ಕಿಟಕಿಯಾಚೆ ಬಿಡುವಾಗ, “ಹೋಗಮ್ಮ, ಎಲ್ಲಾದ್ರೂ ಚೆನ್ನಾಗಿರು” ಎನ್ನುವವರೂ ಅವರೇ, ಅವಳ ಅತ್ತೆ. ಅವಳ ಕೈಯಲ್ಲಿ ಗೆಲ್ಲುವಂಥ ಬಿಲ್ಲೆಗಳಿದ್ದವು, ಅವಳು ಸೋತಳು.

ನೇರವಾಗಿ ಕೇಳುವ ಬದಲು ಅವಳು ಯೋಚಿಸಿದಳು: ತಾನು ಅಂಗಡಿಯಲ್ಲಿರುವಾಗ ಈ ಮೂವರೂ ಮನೆಗೆ ಬರಬಹುದಾದ ದಿನ ಯಾವುದು? ಔಷಧಿ ಅಂಗಡಿಗೆ ಬುಧವಾರ ಮಧ್ಯಾಹ್ನ ರಜ. ಡ್ರಿಲ್ ಟೀಚರಿಗೆ ಬುಧವಾರ ಊಟದ ಮೇಲೆ ಪಾಠವಿಲ್ಲ. ಟೈಲರ್ ಯಾವತ್ತೂ ತನಗೆ ತಾನೇ ಯಜಮಾನಿ. ಬುಧವಾರ ಬಂತು. ಕನ್ನಡಕದಕ್ಕ ಮಾಲೀಕರಿಗೆ ತಲೆನೋವೆಂದು ಹೇಳಿ ಮನೆಗೆ ಹೊರಟಳು.

ಬಾಗಿಲಲ್ಲಿ ಮೂರು ಜೊತೆ ಚಪ್ಪಲಿ. ಒಳಗೆ ಗಲಗಲ ಸದ್ದು. ಮೇಜಿನ ಮೇಲೆ ಹಾಸಿಲ್ಲ, ಅಲಂಕಾರವಿಲ್ಲ, ಒಂದು ನೀರಿನ ಬಾಟಲಿ ಮತ್ತು ಬಿಸ್ಕತ್ತಿನ ಡಬ್ಬಿ. ಮೂವರು ಗೆಳತಿಯರು ಮನೆಬಟ್ಟೆಯಲ್ಲಿ. ಅವಳು ಯಾವಾಗಲೂ ಕೂರುವ ಕುರ್ಚಿಯಲ್ಲಿ, ಬೆನ್ನಿಗೊಂದು ದಿಂಬು ಕೊಟ್ಟುಕೊಂಡು, ಅತ್ತೆ.

ಡ್ರಿಲ್ ಟೀಚರ್ ಮೊದಲು ನೋಡಿದ್ದು. “ಅಕ್ಕ,” ಎಂದವಳು ಕೈಯಲ್ಲಿದ್ದ ಬಿಲ್ಲೆಯನ್ನೇ ನೋಡತೊಡಗಿದಳು.

“ಯಾವಾಗಿಂದ ಇದು?” ಕನ್ನಡಕದಕ್ಕ ಕೇಳಿದಳು.

ಔಷಧಿಯವಳು ಬಾಯಿ ಬಿಟ್ಟಳು. “ನಿಮ್ಮ ಅತ್ತೆಯ ಬಿ.ಪಿ. ಮಾತ್ರೆ ಕೊಡೋಕೆ ಬಂದಿದ್ದೆ ಒಂದಿನ. ಬಾಗಿಲು ತೆಗೆದೇ ಇತ್ತು. ನೋಡಿದ್ರೆ ಅಮ್ಮ ಒಬ್ರೇ ನಾಲ್ಕು ಜನದ ಆಟ ಆಡ್ತಿದ್ರು ಕಣೇ. ಈ ಕುರ್ಚಿಯಲ್ಲಿ ಕೂತು ಒಂದು ಎಸೆಯೋದು, ಎದ್ದು ಆ ಕುರ್ಚಿಗೆ ಹೋಗಿ ಒಂದು ಎತ್ತೋದು. ಮಂಡಿ ನೋವು ಬೇರೆ. ನೋಡಿಕೊಂಡು ಹ್ಯಾಗೆ ಸುಮ್ಮನೆ ಹೋಗ್ಲಿ? ನಾನೂ ಕೂತೆ. ಆಮೇಲೆ ಇವರೂ ಬಂದ್ರು.”

“ನನಗೆ ಹೇಳಬೇಕು ಅಂತ ಅನ್ನಿಸಲಿಲ್ಲ ಯಾರಿಗೂ.”

“ಹೇಳಿದ್ರೆ ನೀನು ಏನಂದ್ಕೋತೀಯೋ ಅಂತ,” ಎಂದಳು ಟೈಲರ್.

“ಆಟ ಯಾರು ಕಲಿಸಿದ್ರು ನಿಮಗೆ?” ಅವಳು ಅತ್ತೆಯನ್ನೇ ಕೇಳಿದಳು.

“ಬಾಗಿಲ ಸಂದಿಯಲ್ಲಿ ಕಾಣ್ತಿತ್ತು,” ಎಂದರು ಅತ್ತೆ. ಅವರ ದನಿಯಲ್ಲಿ ಅಳುಕಿರಲಿಲ್ಲ, ಸವಾಲೂ ಇರಲಿಲ್ಲ. “ನೀನು ಕರೀಲಿಲ್ಲ. ಇವರು ಕರೆದ್ರು.”

ಅವಳಿಗೆ ಪಿತ್ತ ನೆತ್ತಿಗೇರಿತು. ಅಡುಗೆಮನೆ ಅವರದು, ಗಂಡ ಅವರ ಮಗ, ಗೋಡೆಯ ಮೊಳೆ ಕೂಡ ಅವರು ಹೊಡೆಸಿದ್ದು. ಇದೊಂದು ಇತ್ತು, ಇದಕ್ಕೂ ಕೈ ಹಾಕಿದರು. ಅದಕ್ಕಿಂತ ಹೆಚ್ಚು ಉರಿಸಿದ್ದು ಇನ್ನೊಂದು: ಹಾಸಿಲ್ಲದ, ವೇಷವಿಲ್ಲದ ಆ ಮೇಜಿನ ಸುತ್ತ ಗೆಳತಿಯರು ಕಾಲು ಚಾಚಿಕೊಂಡು ಆರಾಮಾಗಿದ್ದರು. ತನ್ನ ಕೂಟದಲ್ಲಿ ಅವರು ಹಾಗೆ ಕೂತದ್ದನ್ನು ಅವಳು ಯಾವತ್ತೂ ನೋಡಿರಲಿಲ್ಲ. ಅವಳಿಗೆ ಹೊಟ್ಟೆಕಿಚ್ಚಾಯಿತು, ಅದು ಅವಳಿಗೇ ಗೊತ್ತಾಯಿತು.

“ಸರಿ,” ಎಂದಳು. “ಬುಧವಾರ ನಿಮ್ಮದು, ಶನಿವಾರ ನನ್ನದು. ಇದಕ್ಕೆ ಅದನ್ನ ಬೆರೆಸೋದು ಬೇಡ.”

“ಆಗಲಿ,” ಎಂದರು ಅತ್ತೆ. ಆಸ್ತಿ ಪಾಲಾದ ಹಾಗೆ ಮೇಜು ಪಾಲಾಯಿತು. ಗಂಡನಿಗೆ ರಾತ್ರಿ ಊಟಕ್ಕೆ ಬಡಿಸುತ್ತಾ ಹೇಳಿದಾಗ ಅವನು, “ಅಮ್ಮ ಹಾಗೇ, ಬಿಡು” ಎಂದ.

ಮುಂದಿನ ಕೂಟ ಹಸಿರು ಡ್ರ್ಯಾಗನ್‌ದು. ಕನ್ನಡಕದಕ್ಕ ಹಿಂದೆಂದೂ ಇಲ್ಲದಷ್ಟು ಮೈಮುರಿದು ದುಡಿದಳು. ಹಸಿರು ಕಾಗದದ ತೋರಣ, ಹಸಿರು ದ್ರಾಕ್ಷಿ, ಹಸಿರು ಬಣ್ಣ ಹಾಕಿದ ಕೇಕು. ಬುಧವಾರದ ಮೇಜನ್ನು ಈ ಶನಿವಾರ ಮರೆಸಿಬಿಡಬೇಕು ಎಂಬ ಹಟ. ಔಷಧಿಯವಳು ಹಸಿರು ಸ್ಕಾರ್ಫಿನಲ್ಲಿ ಬಂದಳು, ಡ್ರಿಲ್ ಟೀಚರ್ ಶಾಲೆಯ ಹಸಿರು ಜರ್ಸಿಯಲ್ಲಿ. ಟೈಲರ್ ಬರಲಿಲ್ಲ. ಬಂದದ್ದು ಅವಳ ಫೋನು.

“ನಾನು ಬರಲ್ಲ ಕಣೇ. ಕೋಪ ಇಲ್ಲ. ನಿಮ್ಮ ಅತ್ತೇನ ಒಳಗೆ ಕೂರಿಸಿ ನಾವು ಹೊರಗೆ ಕೇಕು ತಿನ್ನೋದು ನನ್ನ ಕೈಲಾಗಲ್ಲ. ಶನಿವಾರಕ್ಕೂ ಬರೋ ಆಸೆ ಇತ್ತು ಅವರಿಗೆ, ನೀನು ಕರೀಲಿಲ್ಲ ಅಂತ ಮೊದಲು ಗೊತ್ತಿರಲಿಲ್ಲ, ಆಡ್ತಿದ್ದೆ. ಈಗ ಗೊತ್ತಾಗಿದೆ.”

ಕನ್ನಡಕದಕ್ಕ ಫೋನು ಕೆಳಗಿಟ್ಟಳು. ಮೇಜಿನ ಮೂರು ಕಡೆ ಗೋಡೆ ಕಟ್ಟಿ ಆಗಿತ್ತು, ನಾಲ್ಕನೆಯ ಕಡೆ ಖಾಲಿ. ಉಳಿದಿಬ್ಬರು ದ್ರಾಕ್ಷಿ ಬಿಡಿಸುವ ನೆಪದಲ್ಲಿ ತಲೆ ತಗ್ಗಿಸಿದ್ದರು. ಯಾರೂ ಹಿಂದಿನ ಕೋಣೆಯ ಕಡೆ ನೋಡಲಿಲ್ಲ. ನೋಡದಿರಲು ಅವರು ಪಡುತ್ತಿದ್ದ ಕಷ್ಟ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಇವತ್ತು ಆಟ ನಿಂತರೆ ಮುಂದಿನ ತಿಂಗಳು ಇವರಿಬ್ಬರೂ ಒಂದೊಂದು ನೆಪ ಹೇಳುತ್ತಾರೆ, ಅಲ್ಲಿಗೆ ತನ್ನ ಶನಿವಾರ ಮುಗಿಯಿತು, ಉಳಿಯುವುದು ಬುಧವಾರವೊಂದೇ ಎಂದು ಅವಳಿಗೆ ಸ್ಪಷ್ಟವಾಗಿ ಹೊಳೆಯಿತು. ನಿಮ್ಮಿಂದಲೇ ಹೀಗಾಯಿತು ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತೇನೆ ಎಂದುಕೊಂಡು ಅವಳು ಎದ್ದು ಹೋಗಿ ಹಿಂದಿನ ಕೋಣೆಯ ಬಾಗಿಲು ತಳ್ಳಿದಳು.

ಅತ್ತೆ ಮಂಚದ ತುದಿಯಲ್ಲಿ ಕೂತಿದ್ದರು. ಕೂದಲು ನೀಟಾಗಿ ಬಾಚಿತ್ತು. ಮೈಮೇಲೆ ಹಸಿರು ಬಟ್ಟೆ, ಪೆಟ್ಟಿಗೆಯ ತಳದಿಂದ ತೆಗೆದದ್ದಿರಬೇಕು, ಮಡಿಕೆಯ ಗೆರೆಗಳು ಹಾಗೇ ಇದ್ದವು, ಕೋಣೆ ತುಂಬ ನುಸಿಗುಳಿಗೆಯ ವಾಸನೆ.

“ಎಲ್ಲಿಗೆ ಹೊರಟ್ರಿ ಅತ್ತೆ?”

“ಎಲ್ಲಿಗೂ ಇಲ್ಲ. ಇವತ್ತು ಹಸಿರಲ್ವಾ?”

ಅತ್ತೆ ತಮ್ಮ ತೋಳನ್ನು ಒಮ್ಮೆ ನೋಡಿಕೊಂಡು ಹೇಳಿದರು, “ಬಿಳಿ ದಿನ ಸುಲಭ ಇತ್ತು. ಗಾಳಿ ದಿನ ಇಲ್ಲಿಗೆ ಗಾಳಿ ಬರಲ್ಲ, ಆದರೂ ಶಾಲು ಹೊದ್ದಿದ್ದೆ. ದುಂಡು ಅಂದಾಗ ಮಾತ್ರ ಏನೂ ಸಿಗಲಿಲ್ಲ. ದೊಡ್ಡ ಗುಂಡಿಗಳನ್ನ ಹುಡುಕಿ ಎದೆ ಮೇಲೆ ಸಾಲಾಗಿ ಹೊಲ್ಕೊಂಡೆ. ಬುಧವಾರ ಆಟ ಚೆನ್ನಾಗಿರುತ್ತೆ. ಆದ್ರೆ ಅವರು ಯಾರೂ ಒಂದು ಚೂರು ಅಲಂಕಾರ ಮಾಡ್ಕೊಂಡು ಬರಲ್ಲ. ನಿನ್ನ ಹಾಗೆ ಮಾಡೋಕೆ ಅವರಿಗೆ ಬರಲ್ಲ.”

ಮೊದಲ ಕೂಟದಿಂದ ಇವತ್ತಿನವರೆಗೆ ಒಂದು ಸಲವೂ ತಪ್ಪಿಸದೆ, ಗೊಣಗದೆ, ಅವಳು ಹೇಳಿದ ಹಾಗೆಯೇ ಬಂದು ಕೂತವರು ಒಬ್ಬರೇ. ಕೂತದ್ದು ಬಾಗಿಲಿನ ಈಚೆ. ಅವಳಿಗೆ ನಾಚಿಕೆಯಾಯಿತು. ಅಳು ಬರುವ ಹಾಗಾಯಿತು, ಆದರೆ ಆ ಮನೆಯಲ್ಲಿ ಒಬ್ಬರೆದುರು ಒಬ್ಬರು ಅಳುವ ಅಭ್ಯಾಸ ಇಬ್ಬರಿಗೂ ಇರಲಿಲ್ಲ.

“ಬನ್ನಿ ಅತ್ತೆ, ಆಡೋಣ,” ಎಂದಳು.

“ಟೈಲರ್ ಬಂದಿಲ್ಲ ಅಲ್ವಾ?”

ಸುಳ್ಳು ಹೇಳಬಹುದಿತ್ತು. “ಇಲ್ಲ,” ಎಂದಳು.

“ನಾಲ್ಕನೆಯವರು ಬೇಕು ಅಂತ ಕರೀತಿದೀಯ.”

“ಹೌದು. ಮುಂದಿನ ತಿಂಗಳು ನಾಲ್ಕು ಜನ ಇದ್ರೂ ಕರೀತೀನಿ.”

ಅತ್ತೆ ಎರಡೂ ಕಾಲನ್ನು ನಿಧಾನವಾಗಿ ಮಂಚದ ಮೇಲಕ್ಕೆ ಎತ್ತಿಟ್ಟುಕೊಂಡರು. “ಹಾಗಾದ್ರೆ ಮುಂದಿನ ತಿಂಗಳೇ ಬರ್ತೀನಿ,” ಎಂದರು.

ಸೊಸೆ ಬಾಗಿಲಲ್ಲೇ ನಿಂತಳು. ಹೊರಗೆ ಇಬ್ಬರೂ ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುತ್ತಿದ್ದರು. ಬೇರೆಯವರನ್ನು ಅವಳು ಹೇಗೆ ಕರೆಯುತ್ತಿದ್ದಳೋ ಹಾಗೆಯೇ, ದಿನ ಹೇಳಿ, ವಿಷಯ ಹೇಳಿ, ಕರೆದಳು. “ಮುಂದಿನ ತಿಂಗಳು ಎರಡನೇ ಶನಿವಾರ. ಕೆಂಪು ಡ್ರ್ಯಾಗನ್. ತಪ್ಪಿಸಬೇಡಿ.”

“ಕೆಂಪು ನನ್ನ ಹತ್ತಿರ ಇಲ್ಲ.”

“ಟೈಲರಿಗೆ ಹೇಳಿ ಹೊಲಿಸ್ತೀನಿ. ಅಳತೆಗೆ ಇಲ್ಲಿಗೇ ಬರ್ತಾಳೆ. ಬುಧವಾರ ಬರಲಾ ಅಂದ್ರೆ ಏನು ಹೇಳ್ಲಿ?”

“ಬುಧವಾರ ಬೇಡ,” ಎಂದರು ಅತ್ತೆ. “ಬುಧವಾರ ನಮಗೆ ಆಟ ಇರುತ್ತೆ.”